ತಿರುಳಿಗೊಂದು ತೇಪೆ
(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಭಾಷಣಕ್ಕೆ ನಿಲ್ಲಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾವು ಹಿಂಜರಿದದ್ದು ನಿಜ. ರಾಜ್ಯೋತ್ಸವದ ಕಾಲ. ಈ ವೇದಿಕೆಯಿಂದ ಪಂಪನನ್ನೋ ಬಸವಣ್ಣನವರನ್ನೋ ಕುರಿತು ನಾಲ್ಕು ಮಾತು ಕೇಳುವುದು ವಾಡಿಕೆ. ನಾವಾದರೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ಕಾವ್ಯವನ್ನು ಓದಿ ಸಂತೋಷಪಡಬಲ್ಲೆವೇ ಹೊರತು ವಿವರಿಸಿ ಹೇಳಲಾರೆವು. "ಹಾಗಿದ್ದರೆ ನಿಮ್ಮ ಮನೆಯಲ್ಲಿ ನಡುರಾತ್ರಿಯವರೆಗೆ ದೀಪ ಉರಿಯುತ್ತದಲ್ಲ, ಅದು ಏಕೆ ಎಂಬುದನ್ನೇ ಹೇಳಿಬಿಡಿರಿ" ಎಂದರು ಅವರು. ಸಂಘದ ಕಾರ್ಯದರ್ಶಿಗಳು ಎದುರು ಕಟ್ಟಡದಲ್ಲಿಯೇ ವಾಸವಾಗಿದ್ದರೆ ಹೀಗಾಗುವುದು.

ಮೊದಲೇ ಒಂದು ಮಾತು. ಇಲ್ಲಿ ನಾವು ಎಂದರೆ ಮನೆಯಾಕೆ, ಎಂಟು ವರ್ಷದ ಮಗಳು ಮತ್ತು ನಿಮ್ಮ ಮುಂದೆ ನಿಂತಿರುವವರು. ಈ ಉದ್ಯೋಗದಲ್ಲಿ ಮೂವರಿಗೂ ಪಾಲುಂಟು. ಆದುದರಿಂದ ಬಹುವಚನ, ದೊಡ್ಡಸ್ತಿಕೆಗಾಗಿ ಅಲ್ಲ.

ನಾವು ಮಾಡಿದ್ದು ಇಷ್ಟೇ. ಮನೆಯ ಹಳೆಯ ಲ್ಯಾಪ್‌ಟಾಪಿನ ಲಿನಕ್ಸ್ ಕರ್ನೆಲ್ಲಿಗೆ ಒಂದು ತೇಪೆ ಹಾಕಿ, ಅದನ್ನು ಮನೆಯಲ್ಲಿಯೇ ಹೊಸದಾಗಿ ಕಂಪೈಲ್ ಮಾಡಿದೆವು. ಈ ವಾಕ್ಯವನ್ನು ಕೇಳಿ ಅರ್ಧ ಸಭೆ ಗಡಿಯಾರ ನೋಡಿದ್ದು ನಮಗೆ ಕಂಡಿತು. ಪಕ್ಕದ ಮನೆಯ ಮರಾಠಿ ಕಾಕೂ ಅವರ ಪಾಡು ಇನ್ನೂ ಕಷ್ಟವಾಯಿತು. ಗೋಡೆಯಾಚೆ ಒಂದು ವಾರ "ಕರ್ನೆಲ್ ಎದ್ದಿತೇ?", "ಕರ್ನೆಲ್ ಮತ್ತೆ ಬಿದ್ದಿತು" ಎಂಬ ಮಾತುಗಳನ್ನು ಕೇಳಿದ ಅವರು ಒಂದು ದಿನ ಮನೆಯಾಕೆಯನ್ನು ನಿಲ್ಲಿಸಿ, ನಿಮ್ಮಲ್ಲಿಗೆ ಬಂದಿರುವ ಕರ್ನಲ್ ಸಾಹೇಬರಿಗೆ ಪ್ರಕೃತಿ ಹೇಗಿದೆ ಎಂದು ವಿಚಾರಿಸಿದರಂತೆ. ಪುಣೆಯಲ್ಲಿ ನಿವೃತ್ತ ಕರ್ನಲ್ಲರಿಗೆ ಬರವಿಲ್ಲ, ತಪ್ಪು ಅವರದಲ್ಲ.

ಕರ್ನೆಲ್ ಎಂದರೆ ತಿರುಳು. ತೆಂಗಿನಕಾಯಿಯ ಸಿಪ್ಪೆ, ಕರಟ ಎಲ್ಲ ಹೊರಗೆ, ಒಳಗೆ ತಿರುಳು. ಕಂಪ್ಯೂಟರಿನಲ್ಲಿ ನಾವು ನೋಡುವ ಚಿತ್ರ, ಅಕ್ಷರ, ಕಿಟಕಿಗಳೆಲ್ಲ ಸಿಪ್ಪೆಯ ಸಾಲಿಗೆ ಸೇರಿದವು. ಯಂತ್ರದ ಕಬ್ಬಿಣದೊಡನೆ ನೇರವಾಗಿ ವ್ಯವಹರಿಸುವ ಅಧಿಕಾರ ತಿರುಳಿಗೆ ಮಾತ್ರ. ನಮ್ಮ ಕಸುಬಿನ ಹೋಲಿಕೆ ಕೊಡಬಹುದಾದರೆ, ಗಿರಾಕಿ ಎಷ್ಟು ದೊಡ್ಡವನಾದರೂ ತಾನೇ ತಿಜೋರಿಯ ಕೋಣೆಗೆ ನುಗ್ಗುವಂತಿಲ್ಲ. ಚೀಟಿ ಬರೆದು ಕೌಂಟರಿನಲ್ಲಿ ಕೊಡಬೇಕು, ಒಳಗಿನವರು ತಂದುಕೊಡಬೇಕು. ಅಂತೆಯೇ ಯಾವ ಪ್ರೋಗ್ರಾಮಿಗೂ ಡಿಸ್ಕನ್ನಾಗಲಿ, ನೆನಪಿನ ಕೋಶವನ್ನಾಗಲಿ, ಮೈಕನ್ನಾಗಲಿ ತಾನಾಗಿ ಮುಟ್ಟುವ ಹಕ್ಕಿಲ್ಲ. ತಿರುಳನ್ನು ಕೇಳಬೇಕು. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ ಎಂಬುದನ್ನೂ ಅದೇ ನಿರ್ಣಯಿಸುವುದು. ಕ್ಷಣಕ್ಕೆ ನೂರಾರು ಸಲ ಈ ಪಂಚಾಯಿತಿ ನಡೆಯುತ್ತಿರುತ್ತದೆ. ನಮಗೆ ತಿಳಿಯುವುದೇ ಇಲ್ಲ.

ಲಿನಕ್ಸ್ ತಿರುಳನ್ನು ಮೊದಲು ಬರೆದವರು ಫಿನ್ಲೆಂಡಿನ ಲೀನುಸ್ ಟೋರ್ವಾಲ್ಡ್ಸ್. 1991ರಲ್ಲಿ ಅವರು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು 21. ಆ ವರ್ಷದ ಆಗಸ್ಟ್ 25ರಂದು, ತಾನು ಹವ್ಯಾಸಕ್ಕಾಗಿ ಇಂಥದೊಂದನ್ನು ಬರೆಯುತ್ತಿರುವೆನೆಂದೂ ಅದು ದೊಡ್ಡದಾಗಿ ಬೆಳೆಯುವಂಥದಲ್ಲವೆಂದೂ ಜಗತ್ತಿಗೆ ತಿಳಿಸಿದರು. ಭವಿಷ್ಯ ಹೇಳುವುದರಲ್ಲಿ ಅವರು ಪೂರ್ತಿ ಸೋತರೆನ್ನಬೇಕು. ಇಂದು ನಿಮ್ಮಲ್ಲಿ ಆಂಡ್ರಾಯ್ಡ್ ಮೊಬೈಲು ಇಟ್ಟುಕೊಂಡವರ ಜೇಬಿನಲ್ಲೆಲ್ಲ ಆ ತಿರುಳೇ ಇರುವುದು. ಜಗತ್ತಿನ ಅತಿ ವೇಗದ ಐನೂರು ಸೂಪರ್ ಕಂಪ್ಯೂಟರುಗಳ ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ಪ್ರಕಟಿಸುವರಷ್ಟೆ. 2017ರ ನವೆಂಬರಿನಿಂದ ಆ ಐನೂರೂ ಲಿನಕ್ಸಿನವೇ. ನಮ್ಮ ಪುಣೆಯ ಸಿ-ಡ್ಯಾಕ್ ಸಂಸ್ಥೆ 1988ರಲ್ಲಿ ಹುಟ್ಟಿ 1991ರಲ್ಲಿ ಪರಮ್ 8000 ಯಂತ್ರವನ್ನು ಕಟ್ಟಿದ ಕತೆ ನಿಮಗೆ ಗೊತ್ತಿದೆ. ಅದೇ ಸಂಸ್ಥೆಯ ಪರಮ್ ಸಿದ್ಧಿ 2020ರ ನವೆಂಬರ್ ಪಟ್ಟಿಯಲ್ಲಿ 63ನೆಯ ಸ್ಥಾನದಲ್ಲಿತ್ತು. ಅದರೊಳಗಿನ ತಿರುಳಿಗೂ ನಮ್ಮ ಮನೆಯ ಮುದಿ ಲ್ಯಾಪ್‌ಟಾಪಿನ ತಿರುಳಿಗೂ ಕುಲ ಒಂದೇ ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಇದರ ವಿಶೇಷವೆಂದರೆ ಬರೆದದ್ದೆಲ್ಲ ಬಿಚ್ಚಿಟ್ಟ ಪುಸ್ತಕ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದಿದ್ದನ್ನು ಇನ್ನೊಬ್ಬರಿಗೆ ಹಂಚುವುದಾದರೆ ಮೂಲದ ಬರಹವನ್ನೂ ಕೊಡಬೇಕು, ಬಚ್ಚಿಡುವಂತಿಲ್ಲ. ಈ ಕಟ್ಟಳೆಯ ಬಲದಿಂದಲೇ ಕೇರಳ ಸರಕಾರ ತನ್ನ ಶಾಲೆಗಳಿಗೆಂದು ಸ್ವಂತ ಲಿನಕ್ಸನ್ನು ಸಿದ್ಧಪಡಿಸಿಕೊಂಡದ್ದು. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರು ಕಲಿಯುವುದು ಅದರ ಮೇಲೆಯೇ. ಪುಸ್ತಕವೂ ಕನ್ನಡದಲ್ಲಿದೆ. ಗಡಿಯಾಚೆಯ ಕನ್ನಡದ ಗೋಳನ್ನು ಮಾತ್ರವೇ ಕೇಳಿ ಅಭ್ಯಾಸವಾದ ನಮಗೆ ಇದೊಂದು ಒಳ್ಳೆಯ ಸುದ್ದಿ.

ಇನ್ನು ನಮ್ಮ ಕತೆ. ಧಾರವಾಡದಲ್ಲಿ ಅವ್ವ ಇದ್ದಾರೆ. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಪುಣೆಗೆ ಬಂದು ಇರಿ ಎಂದರೆ, ಎರಡು ಕೋಣೆಯ ಮನೆಯಲ್ಲಿ ಕುಳಿತು ಏನು ಮಾಡಲಿ ಎನ್ನುತ್ತಾರೆ. ಆದರೆ ಪ್ರತಿ ಭಾನುವಾರ ಹತ್ತು ಗಂಟೆಗೆ ಅವರು ನಮ್ಮ ಮನೆಗೆ ಬರುತ್ತಾರೆ; ಲ್ಯಾಪ್‌ಟಾಪಿನ ತೆರೆಯ ಮೇಲೆ. ಅದನ್ನು ಟೀವಿಗೆ ಜೋಡಿಸಿ, ಜಮಖಾನೆ ಹಾಸಿ, ಆರು ಮಕ್ಕಳನ್ನು ಕೂಡಿಸುತ್ತೇವೆ. ವಿಜಾಪುರದವರ ಮಗ, ಕಲಬುರಗಿಯವರ ಅವಳಿಗಳು, ಬೆಳಗಾವಿಯವರಿಬ್ಬರು, ನಮ್ಮ ಮಗಳು. ಎಲ್ಲರಿಗೂ ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಶಾಲೆಯಲ್ಲಿ ಮರಾಠಿ, ಇಂಗ್ಲಿಷು, ಹಿಂದಿ. ಮನೆಯಲ್ಲಿ ಮಾತ್ರ ಕನ್ನಡ, ಅದೂ ಅರ್ಧ.

ಈ ಮಕ್ಕಳಿಗೆ ಕನ್ನಡ ಓದುವಾಗ ಎಡವುವ ಕಲ್ಲು ಯಾವುದು ಗೊತ್ತೇ? ಳಕಾರ, ಣಕಾರಗಳಲ್ಲ, ಅವು ಮರಾಠಿಯಲ್ಲೂ ಉಂಟು. ಕಲ್ಲು ಇರುವುದು ಎ-ಏ, ಒ-ಓಗಳಲ್ಲಿ. ಮರಾಠಿಯ ಬರಹದಲ್ಲಿ ಎಕಾರಕ್ಕೆ ಒಂದೇ ಅಕ್ಷರ, ಒಕಾರಕ್ಕೆ ಒಂದೇ ಅಕ್ಷರ. ಹ್ರಸ್ವ ದೀರ್ಘಗಳ ಭೇದವಿಲ್ಲ. ಆದುದರಿಂದ ನಮ್ಮ ಮಕ್ಕಳು "ಕೊಡು" ಎಂಬುದನ್ನು "ಕೋಡು" ಎಂದು ಓದಿ, ಅಮ್ಮನಿಗೆ ಕೊಂಬು ಮೂಡಿಸುತ್ತಾರೆ. ಇದನ್ನು ತಿದ್ದಲು ಕರಿಹಲಗೆ ಸಾಲದು, ಕಿವಿ ಬೇಕು. ಮಗು ಓದಬೇಕು, ಕಲಿಸುವವರು ಕೇಳಬೇಕು, ಅಲ್ಲಿಯೇ ತಡೆಯಬೇಕು.

ಲ್ಯಾಪ್‌ಟಾಪು 2015ರದು. ಎರಡು ಕೋರಿನ ಪ್ರೊಸೆಸರು, 4 ಗಿಗಾಬೈಟ್ ನೆನಪು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಸಾಮಾನ್ಯ ಪೋಷಣೆಯನ್ನು ಮುಗಿಸಿತು; ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ಯಂತ್ರವೇನೋ ಗಟ್ಟಿಯಾಗಿಯೇ ಇತ್ತು. ಬ್ಯಾಂಕಿನವರಾಗಿ, ಪೋಷಣೆ ನಿಂತ ಯಂತ್ರದಲ್ಲಿ ಹಣದ ವ್ಯವಹಾರ ಮಾಡುವುದು ಸರಿಯಲ್ಲವೆಂದು ಊರಿಗೆಲ್ಲ ಹೇಳುವವರು ನಾವು. ಹೊಸದಕ್ಕೆ ನಲವತ್ತು ಐವತ್ತು ಸಾವಿರ ಸುರಿಯುವ ಮನಸ್ಸಾಗಲಿಲ್ಲ. ಡೆಬಿಯನ್ ಎಂಬ ಲಿನಕ್ಸನ್ನು ಹಾಕಿದೆವು. ಅರ್ಧ ಗಂಟೆಯ ಕೆಲಸ. ವೈಫೈ ಬಂತು, ಟೀವಿ ಬಂತು, ಕ್ಯಾಮರಾ ಬಂತು. ಭಾನುವಾರ ಅವ್ವ ಬಂದರು, ಮಾತಾಡಿದರು, ನಮಗೆಲ್ಲ ಕೇಳಿಸಿತು. ಮಕ್ಕಳು ನಮಸ್ಕಾರ ಎಂದರು. ಅವ್ವ ಸುಮ್ಮನಿದ್ದರು. ಮತ್ತೆ ನಮಸ್ಕಾರ ಎಂದರು.

"ಯಾಕ ಎಲ್ಲಾರೂ ಬರೇ ಬಾಯಿ ಆಡಸ್ತೀರಿ? ಮಾತ ಆಡ್ರೆಲ್ಲಾ" ಎಂದರು ಅವ್ವ.

ಮೈಕು ಮೂಕವಾಗಿತ್ತು.

ಮೊಬೈಲನ್ನು ಪಕ್ಕದಲ್ಲಿಟ್ಟು ಅದರಿಂದ ದನಿ ಕಳಿಸಿ ನೋಡಿದೆವು. ದನಿ ಮುಂದೆ, ತುಟಿ ಹಿಂದೆ, ನಡುವೆ ಮಾರ್ದನಿ. ತಾಪಕೀರ ಗಲ್ಲಿಗೆ ಹೋಗಿ ಕೆಲವು ನೂರು ರೂಪಾಯಿಗೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಧ್ವನಿಯಂತ್ರವನ್ನು ತಂದೆವು. ಎರಡು ವಾರ ಅದು ಚೆನ್ನಾಗಿ ನಡೆಯಿತು. ಇಲ್ಲಿಗೆ ಕತೆ ಮುಗಿಯಬೇಕಾಗಿತ್ತು, ಈ ಭಾಷಣವೂ ತಪ್ಪುತ್ತಿತ್ತು. ಮೂರನೆಯ ಭಾನುವಾರ ಅವಳಿಗಳಲ್ಲಿ ಒಬ್ಬನ ಕಾಲು ತಾಗಿ ಅದು ಮುರಿಯಿತು. ಯುಎಸ್‌ಬಿಯ ಬಾಯಿಯೂ ಸಡಿಲವಾಯಿತು. ಆ ದಿನವೇ ವಿಜಾಪುರದವರ ಮಗ, ತನ್ನ ಓದು ಯಾರಿಗೂ ಕೇಳಿಸದಿದ್ದರೆ ತಾನೇಕೆ ಓದಬೇಕು, ಆಟಕ್ಕೆ ಹೋಗುವೆನು ಎಂದ. ಮರುವಾರ ಬರಲಿಲ್ಲ. ಅವನ ಹಿಂದೆ ಬೆಳಗಾವಿಯವರೂ ಬರಲಿಲ್ಲ. ಆರು ಇದ್ದದ್ದು ಮೂರಾಯಿತು. ಎರಡು ವರ್ಷದಿಂದ ನಡೆದ ಪಾಠ ಒಂದು ಮೈಕಿಗಾಗಿ ನಿಲ್ಲುವುದೆಂದರೆ ಮನಸ್ಸಿಗೆ ಬಹಳ ನೋವಾಯಿತು. ಅವ್ವ ಏನೂ ಹೇಳಲಿಲ್ಲ. "ಪರೀಕ್ಷಾ ಬಂದಾವೇನೋ ಮಕ್ಕಳಿಗೆ" ಎಂದಷ್ಟೇ ಕೇಳಿದರು.

ರೋಗದ ಮೂಲವನ್ನು ಹುಡುಕಿದೆವು. ಲ್ಯಾಪ್‌ಟಾಪಿನೊಳಗೆ ಧ್ವನಿಯದೊಂದು ಚಿಪ್ಪು ಇರುತ್ತದೆ. ಅದಕ್ಕೆ ಹಲವು ಕಾಲುಗಳು. ಒಂದು ಸ್ಪೀಕರಿಗೆ, ಒಂದು ಹೆಡ್‌ಫೋನಿಗೆ, ಒಂದು ಮೈಕಿಗೆ. ಯಾವ ಕಾಲು ಯಾವುದಕ್ಕೆ ಸೇರಿದೆ ಎಂಬ ಪಟ್ಟಿಯನ್ನು ತಯಾರಕರು ಯಂತ್ರದಲ್ಲಿ ಬರೆದಿಡಬೇಕು. ನಮ್ಮ ಯಂತ್ರದ ಪಟ್ಟಿಯಲ್ಲಿ, ಮೈಕಿನ ಕಾಲಿಗೆ ಏನೂ ಸೇರಿಲ್ಲ ಎಂದು ಬರೆದಿತ್ತು! ವಿಂಡೋಸಿನಲ್ಲಿ ತಯಾರಕರ ಸ್ವಂತ ಡ್ರೈವರು ಈ ತಪ್ಪನ್ನು ಮುಚ್ಚಿಕೊಂಡು ಹೋಗುತ್ತಿದ್ದಿತು. ಲಿನಕ್ಸ್ ಪಾಪ, ಪಟ್ಟಿಯನ್ನು ನಂಬಿತು. ಇಂಥ ತಪ್ಪುಗಳು ಎಷ್ಟು ಸಾಮಾನ್ಯವೆಂದರೆ, ತಿರುಳಿನ ಧ್ವನಿ ವಿಭಾಗದಲ್ಲಿ ಇದಕ್ಕೆಂದೇ ನೂರಾರು ಸಾಲುಗಳ ಒಂದು ತಿದ್ದೋಲೆ ಇದೆ. ಇಂಥ ಗುರುತಿನ ಯಂತ್ರವಾದರೆ ಇಂಥ ತಿದ್ದುಪಡಿ ಎಂದು ಸಾಲಿಗೊಂದು ಮಾದರಿ. ಬಹುಪಾಲು ಸಾಲುಗಳು ಯಾರೋ ಒಬ್ಬರ ಮನೆಯಲ್ಲಿ ಸ್ಪೀಕರೋ ಮೈಕೋ ಮೂಕವಾದುದರ ಫಲ. ಬೇರೆ ಬೇರೆ ದೇಶದವರು, ಒಬ್ಬರನ್ನೊಬ್ಬರು ಕಾಣದವರು ಸೇರಿಸಿದ ಸಾಲುಗಳು. ಆ ಪಟ್ಟಿಯನ್ನು ನಾವು ರಾತ್ರಿ ಕುಳಿತು ಓದಿದೆವು. ನಮ್ಮ ಯಂತ್ರದ ಗುರುತು ಅದರಲ್ಲಿ ಇರಲಿಲ್ಲ.

ಆದರೆ ನಮ್ಮದರ ಅಣ್ಣನೆನ್ನಬಹುದಾದ ಇನ್ನೊಂದು ಮಾದರಿಗೆ ಯಾರೋ ಪುಣ್ಯಾತ್ಮರು ತೇಪೆ ಬರೆದಿಟ್ಟಿದ್ದರು. ಎಂಟು ಅಂಕೆಗಳ ಗುರುತಿನಲ್ಲಿ ಕೊನೆಯ ಅಂಕೆ ಮಾತ್ರ ಬೇರೆ. ತಿರುಳನ್ನು ಮುಟ್ಟದೆಯೇ ಕೆಲಸ ಸಾಧಿಸುವ ಒಳದಾರಿಗಳೂ ಒಂದೆರಡು ಉಂಟು. ಅವುಗಳಲ್ಲಿ ಕೈಸೋತ ಮೇಲೆಯೇ ತೇಪೆಗೆ ಕೈಹಾಕಿದ್ದು.

ತೇಪೆ ಎಂದರೆ ಏನೆಂದು ನಮ್ಮ ಕಡೆಯ ತಾಯಂದಿರಿಗೆ ಹೇಳಬೇಕಾಗಿಲ್ಲ. ಹಳೆಯ ಸೀರೆ ಧೋತರಗಳ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವ ಕೈ ಅವರದು. ಕಂಪ್ಯೂಟರಿನ ತೇಪೆ ಒಂದು ಸಾಮಾನ್ಯ ಬರಹದ ಚೀಟಿ. ಯಾವ ಸಾಲನ್ನು ತೆಗೆಯಬೇಕೋ ಅದರ ಮುಂದೆ ಕಳೆಯುವ ಗುರುತು, ಯಾವುದನ್ನು ಸೇರಿಸಬೇಕೋ ಅದರ ಮುಂದೆ ಕೂಡುವ ಗುರುತು. ಹೊಲಿಗೆ ತಪ್ಪು ಜಾಗಕ್ಕೆ ಬೀಳದಿರಲೆಂದು ಮೇಲೆ ಮೂರು, ಕೆಳಗೆ ಮೂರು ಸಾಲುಗಳನ್ನು ಗುರುತಿಗೆಂದು ಕೊಟ್ಟಿರುತ್ತಾರೆ. ಈ ಚೀಟಿಯನ್ನು ಓದಿ ತಾನಾಗಿ ಹೊಲಿಯುವ ಪ್ರೋಗ್ರಾಮನ್ನು ಲ್ಯಾರಿ ವಾಲ್ ಎಂಬವರು 1985ರಲ್ಲಿ ಬರೆದರು. ಹಲವು ತೇಪೆಗಳನ್ನು ಒಂದರ ಮೇಲೊಂದು ಸಾಲಾಗಿ ಇಟ್ಟುಕೊಳ್ಳುವ ಇನ್ನೊಂದು ಸಾಧನವಿದೆ. ಅದರ ಹೆಸರು ಕ್ವಿಲ್ಟ್, ಎಂದರೆ ಸಾಕ್ಷಾತ್ ಕೌದಿ! ಮನೆಯಾಕೆಗೆ ಈ ವಿಷಯ ತಿಳಿದಂದಿನಿಂದ ನಮ್ಮ ಉದ್ಯೋಗದ ಮೇಲೆ ಗೌರವ ಸ್ವಲ್ಪ ಹೆಚ್ಚಿತು.

ಕರ್ನೆಲ್ಲಿನ ಮೂಲಬರಹವನ್ನು ಇಳಿಸಿಕೊಂಡೆವು. ಆವೃತ್ತಿ 6.12, 2024ರ ನವೆಂಬರಿನಲ್ಲಿ ಹೊರಬಂದದ್ದು, ಹಲವು ವರ್ಷ ಪೋಷಣೆ ದೊರೆಯುವಂಥದು. ಗಂಟು ಬಿಚ್ಚಿದರೆ ಒಂದು ಗಿಗಾಬೈಟಿಗೂ ಹೆಚ್ಚು, 80 ಸಾವಿರಕ್ಕೂ ಮಿಕ್ಕಿದ ಕಡತಗಳು, 3 ಕೋಟಿಗೂ ಮೀರಿದ ಸಾಲುಗಳು. ಅದರಲ್ಲಿ ಬಹುಪಾಲು ಲೋಕದಲ್ಲಿರುವ ಬಗೆಬಗೆಯ ಯಂತ್ರಭಾಗಗಳ ಡ್ರೈವರುಗಳೇ. ಚೀಟಿಯನ್ನು ಕೊಟ್ಟೆವು. ತಿರಸ್ಕೃತವಾಯಿತು! ಅದು ಸ್ವಲ್ಪ ಹಿಂದಿನ ಆವೃತ್ತಿಗೆ ಬರೆದದ್ದು. ಈ ನಡುವೆ ಪಟ್ಟಿಯ ಅದೇ ಜಾಗದಲ್ಲಿ ಹೊಸ ಮಾದರಿಗಳು ಬಂದು ಕುಳಿತಿದ್ದವು. ಮೇಲಿನ ಮೂರು, ಕೆಳಗಿನ ಮೂರು ಸಾಲುಗಳು ತಾಳೆಯಾಗಲಿಲ್ಲ. ಸಹಿ ತಾಳೆಯಾಗದ ಚೆಕ್ಕನ್ನು ದಿನಾ ಹಿಂದಿರುಗಿಸುವ ನಮಗೆ ಇದರ ಮೇಲೆ ಸಿಟ್ಟು ಬರಬಾರದಷ್ಟೆ. ಕಡತವನ್ನು ತೆರೆದು, ಸರಿಯಾದ ಜಾಗ ಹುಡುಕಿ, ಕೈಯಿಂದಲೇ ಬರೆದೆವು. ಕೊನೆಯ ಅಂಕೆಯನ್ನು ನಮ್ಮದಕ್ಕೆ ಬದಲಾಯಿಸಿದೆವು. 3 ಕೋಟಿ ಸಾಲಿನ ಆ ಮಹಾಗ್ರಂಥದಲ್ಲಿ ನಮ್ಮ ಸ್ವಂತ ರಚನೆ ಎಂದರೆ ಅದೊಂದು ಅಂಕೆ.

ಅನಂತರ ಆಯ್ಕೆಯ ಕೆಲಸ. ಕಂಪೈಲ್ ಮಾಡುವ ಮುನ್ನ, ತಿರುಳಿನಲ್ಲಿ ಏನೇನು ಇರಬೇಕೆಂದು ಗುರುತು ಹಾಕಬೇಕು. ಹತ್ತು ಸಾವಿರಕ್ಕೂ ಮಿಕ್ಕಿ ಪ್ರಶ್ನೆಗಳು. ಪ್ರತಿಯೊಂದಕ್ಕೂ ಸಾಮಾನ್ಯವಾಗಿ ಮೂರು ಉತ್ತರ. ಒಲೆಯಂತೆ ಅಡಿಗೆಮನೆಯಲ್ಲಿ ಸದಾ ಇರಲಿ ಎನ್ನಬಹುದು. ಇಡ್ಲಿ ಪಾತ್ರೆಯಂತೆ ಅಟ್ಟದ ಮೇಲಿರಲಿ, ಬೇಕಾದಾಗ ಇಳಿಸಿಕೊಳ್ಳೋಣ ಎನ್ನಬಹುದು. ಅಥವಾ ನಮಗೆ ಬೇಡವೇ ಬೇಡ ಎನ್ನಬಹುದು. ಮೊದಲ ಸಲ ನಾವು ಯಾವುದಕ್ಕೂ ಕೈಹಾಕದೆ ಡೆಬಿಯನ್ನಿನವರ ಆಯ್ಕೆಗಳನ್ನೇ ಒಪ್ಪಿ, ರಾತ್ರಿ ಒಂಬತ್ತಕ್ಕೆ ಕಂಪೈಲು ಹೂಡಿದೆವು.

ಕಂಪೈಲ್ ಎಂದರೆ ಬೀಸುವುದು. ಮನುಷ್ಯರು ಓದುವ ಬರಹ ಕಾಳು. ಯಂತ್ರ ಉಣ್ಣುವುದು ಹಿಟ್ಟು. ಕಡತ ಕಡತವಾಗಿ ಬೀಸಿ, ಕೊನೆಗೆ ಎಲ್ಲವನ್ನೂ ಕಲಸಿ ಒಂದು ಮುದ್ದೆ ಮಾಡುತ್ತದೆ. ತೆರೆಯ ಮೇಲೆ ಬೀಸಿದ ಕಡತಗಳ ಹೆಸರು ಒಂದೊಂದಾಗಿ ಏರುತ್ತಿರುತ್ತವೆ. ಮಗಳು ಎಣಿಸಲು ಕುಳಿತು ನಾಲ್ಕುನೂರಕ್ಕೆ ನಿದ್ದೆ ಹೋದಳು. ಫ್ಯಾನಿನ ಸದ್ದು ಬೀಸುವಕಲ್ಲನ್ನೇ ನೆನಪಿಸುತ್ತಿತ್ತು. ಬೆಳಗಿನ ಮೂರಕ್ಕೆ ಎದ್ದು ನೋಡಿದರೆ ಕೆಲಸ ನಿಂತಿದೆ, ಡಿಸ್ಕಿನಲ್ಲಿ ಜಾಗವಿಲ್ಲ! ದೋಷ ಹುಡುಕುವವರ ಅನುಕೂಲಕ್ಕೆಂದು ಹಿಟ್ಟಿನ ಜೊತೆಗೆ ಕಾಳಿನ ವಿವರವನ್ನೂ ಕಟ್ಟಿಡುವ ಒಂದು ಆಯ್ಕೆ ಚಾಲ್ತಿಯಲ್ಲಿತ್ತು. ಅದು ಹತ್ತಾರು ಗಿಗಾಬೈಟುಗಳನ್ನು ನುಂಗಿತ್ತು.

ಎರಡನೆಯ ಸಲ ಜಾಣರಾದೆವು, ಅತಿಜಾಣರಾದೆವೆಂದರೆ ಸರಿ. ಈಗ ಯಂತ್ರದಲ್ಲಿ ಬಳಕೆಯಲ್ಲಿರುವ ಡ್ರೈವರುಗಳನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಬಿಡುವ ಒಂದು ಆಜ್ಞೆ ಇದೆ. ಅದರಿಂದ ರಾತ್ರಿಯಿಡೀ ಆಗುವ ಕೆಲಸ ಒಂದು ಗಂಟೆಗೆ ಇಳಿಯಿತು. ಅಷ್ಟಕ್ಕೆ ಸುಮ್ಮನಿರದೆ ಪಟ್ಟಿಯನ್ನು ನಾವೇ ಓದುತ್ತ, ಬೇಡದ್ದೆನಿಸಿದ್ದನ್ನೆಲ್ಲ ಹೊಡೆದುಹಾಕಿದೆವು. ಸ್ಕಸಿ ಡಿಸ್ಕ್ ಎಂದು ಒಂದು ಕಡೆ ಇತ್ತು. ಸ್ಕಸಿ ಎಂಬುದು ದೊಡ್ಡ ದೊಡ್ಡ ಸರ್ವರುಗಳ ಹಳೆಯ ಕಾಲದ ಡಿಸ್ಕು. ನಮ್ಮಲ್ಲೆಲ್ಲಿ ಬರಬೇಕು ಎಂದು ಅದನ್ನೂ ತೆಗೆದೆವು. ಹೊಸ ತಿರುಳಿನಿಂದ ಯಂತ್ರವನ್ನು ಎಬ್ಬಿಸಿದೆವು. ಕರಿಯ ತೆರೆ. ಡಿಸ್ಕೇ ಕಾಣುತ್ತಿಲ್ಲವೆಂದು ಒಂದು ಸಾಲು ಬರೆದು ನಿಂತಿತು. ಮನೆಯಾಕೆ ನಮ್ಮ ಮುಖ ನೋಡಿದಳು.

"ಫೋಟೋ ಎಲ್ಲಾ ಹೋದವೇನ್ರೀ?" ಎಂದಳು. ಮಗಳ ಹುಟ್ಟಿನಿಂದ ತೆಗೆದ ಫೋಟೋಗಳು ಅದರಲ್ಲಿದ್ದವು.

ಹೋಗಿರಲಿಲ್ಲ. ಹಳೆಯ ತಿರುಳನ್ನು ಅಳಿಸದೆ ಪಕ್ಕದಲ್ಲಿಯೇ ಇಟ್ಟಿದ್ದೆವು. ಯಂತ್ರ ಏಳುವಾಗ ಬರುವ ಪಟ್ಟಿಯಿಂದ ಅದನ್ನು ಆರಿಸಿದರೆ ಎಲ್ಲ ಮೊದಲಿನಂತೆಯೇ. ಈ ಕೆಲಸಕ್ಕೆ ಇಳಿಯುವವರು ಇದೊಂದನ್ನು ಮರೆಯಬಾರದು. ಫೋಟೋಗಳ ಪ್ರತಿ ತೆಗೆದಿಡುವುದನ್ನೂ ಮರೆಯಬಾರದು. ನಾವು ಎರಡನೆಯದನ್ನು ಮರೆತಿದ್ದೆವು. ಆ ಎರಡು ನಿಮಿಷ ಮರೆಯುವಂಥವಲ್ಲ. ಕಾರಣ ಮರುದಿನ ತಿಳಿಯಿತು. ನಮ್ಮ ಯಂತ್ರದಲ್ಲಿರುವಂಥ ಸಾಧಾರಣ ಡಿಸ್ಕುಗಳೂ ಲಿನಕ್ಸಿನಲ್ಲಿ ಆ ಸ್ಕಸಿ ಹಾದಿಯಿಂದಲೇ ಹೋಗಬೇಕಂತೆ. ಹೆಸರು ನೋಡಿ ಬೇಡವೆಂದದ್ದು ನಮ್ಮ ತಪ್ಪು. ಸಾಲದ ಅರ್ಜಿಯನ್ನು ಓದದೆ ಹೆಸರು ನೋಡಿ ಬದಿಗೆ ಸರಿಸಿದ ಹಾಗೆ.

ಈ ಹಂತದಲ್ಲಿ ಬಿಟ್ಟುಬಿಡಬೇಕೆನಿಸಿದ್ದು ಸುಳ್ಳಲ್ಲ. ಇದು ಇಂಜಿನಿಯರರ ಕೆಲಸ, ಹಿಂಜವಡಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ನಮಗೇಕೆ? ಆಗ ಓದಿದ ಒಂದು ಸಂಗತಿ ನಮಗೆ ಬಲ ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ ಕಾನ್ ಕೊಲಿವಾಸ್ ಎಂಬೊಬ್ಬರು ಇದ್ದಾರೆ. ವೃತ್ತಿಯಿಂದ ಅವರು ಶಸ್ತ್ರಚಿಕಿತ್ಸೆಗೆ ಮುನ್ನ ಮತ್ತು ಕೊಡುವ ವೈದ್ಯರು. ಮನೆಯ ಕಂಪ್ಯೂಟರು ತಡವರಿಸುವುದನ್ನು ನೋಡಲಾರದೆ, ತಾವೇ ಪ್ರೋಗ್ರಾಮು ಬರೆಯುವುದನ್ನು ಕಲಿತು, ಯಾವ ಕೆಲಸದ ಸರದಿ ಯಾವಾಗ ಎಂದು ತಿರುಳು ನಿರ್ಣಯಿಸುವ ಭಾಗಕ್ಕೇ ತೇಪೆಗಳನ್ನು ಬರೆದರು. ಸಾವಿರಾರು ಜನ ಅವನ್ನು ತಮ್ಮ ಮನೆಗಳಲ್ಲಿ ಹಾಕಿಕೊಂಡರು. 2007ರಲ್ಲಿ ಮುಖ್ಯ ತಿರುಳಿಗೆ ಅವರದನ್ನು ಬಿಟ್ಟು ಇಂಗೊ ಮೊಲ್ನಾರ್ ಎಂಬ ವೃತ್ತಿಪರರು ಬರೆದುದನ್ನು ಸೇರಿಸಿದರು. ಎಲ್ಲರಿಗೂ ಸಮಪಾಲು ಎಂಬ ತತ್ತ್ವಕ್ಕೆ ಕೊಲಿವಾಸರ ಕೆಲಸವೇ ದಾರಿ ತೋರಿಸಿತೆಂದು ಮೊಲ್ನಾರರೇ ಒಪ್ಪಿಕೊಂಡರು. ನೊಂದ ವೈದ್ಯರು ಈ ಕೆಲಸವನ್ನೇ ತೊರೆದರು. ಎರಡು ವರ್ಷದ ಮೇಲೆ ತಡೆಯಲಾರದೆ ಮತ್ತೆ ಬಂದು, 2021ರವರೆಗೂ ತೇಪೆಗಳನ್ನು ಹೊಲಿಯುತ್ತ ಹೋದರು. ಅವರಿಗೆ ಆದದ್ದು ನ್ಯಾಯವೋ ಅಲ್ಲವೋ ಎಂಬ ಚರ್ಚೆ ನಮಗೆ ಬೇಡ. ಆದರೆ ಮತ್ತು ಕೊಡುವ ವೈದ್ಯರು ಸರದಿಯ ಲೆಕ್ಕವನ್ನೇ ಬದಲಾಯಿಸಲು ಹೊರಟಿದ್ದರೆ, ಬಿ.ಕಾಂ. ಆದವರು ಒಂದು ಅಂಕೆ ಬದಲಾಯಿಸಲು ಅಂಜಬೇಕೇ?

ಮೂರನೆಯ ಸಲಕ್ಕೆ ನಾವು ಆರಿಸಿದ್ದು ಬುಧವಾರದ ರಾತ್ರಿ. ಮಲಗುವ ಹೊತ್ತಾದುದರಿಂದ ಮುಂಜಾನೆ ಹೂಡಿದರಾಯಿತೆಂದು ಬಿಟ್ಟೆವು. ಗುರುವಾರವೆಂದರೆ ಪುಣೆಯವರಿಗೆ ಗೊತ್ತಿದ್ದದ್ದೇ. ಅರ್ಧ ಬೀಸುವಾಗ ಕರೆಂಟು ಹೋಯಿತು. ಹತ್ತು ವರ್ಷದ ಬ್ಯಾಟರಿ ಎರಡು ನಿಮಿಷ ತಡೆದು ಕಣ್ಣು ಮುಚ್ಚಿತು. ಇನ್ನು ಮೊದಲಿನಿಂದ ಎಂದುಕೊಂಡರೆ ಹಾಗಾಗಲಿಲ್ಲ. ಬೀಸಿದ ಕಾಳನ್ನು ಮತ್ತೆ ಬೀಸದೆ, ನಿಂತಲ್ಲಿಂದಲೇ ಮುಂದುವರಿಯುವ ಬುದ್ಧಿ ಅದಕ್ಕಿದೆ. ಸಂಜೆ ಬ್ಯಾಂಕಿನಿಂದ ಬಂದು ಉಳಿದುದನ್ನು ಮುಗಿಸಿದೆವು.

ಹೊಸ ತಿರುಳಿಗೆ ಒಂದು ಅಡ್ಡಹೆಸರು ಇಡಬಹುದು. ಮಗಳು "ಅಜ್ಜಿ" ಎಂದಿಟ್ಟಳು. ಆದರೆ ಕನ್ನಡ ಅಕ್ಷರದಲ್ಲಿ ಬರೆಯಲಾಗದು ಎಂದಾಗ ಅವಳಿಗೆ ಕೋಪ ಬಂತು. ಅವಳ ಕೋಪದಲ್ಲಿ ಅರ್ಥವಿಲ್ಲದಿಲ್ಲ. ತಿರುಳು ತಾನಾಗಿ ತೆರೆಯ ಮೇಲೆ ಬರೆಯುವ ಸಾದಾ ಬರಹಕ್ಕೆ ಹೆಚ್ಚೆಂದರೆ 512 ಅಚ್ಚುಗಳು. ಒತ್ತಕ್ಷರವನ್ನು ಕೆಳಗೆ ಕೂಡಿಸುವುದು, ಗುಣಿತವನ್ನು ಹೊಂದಿಸುವುದು ಅದಕ್ಕೆ ಬಾರದು. ನಮ್ಮ ಕನ್ನಡ ಬದುಕುವುದು ತಿರುಳಿನ ಮೇಲಿನ ಪದರಗಳಲ್ಲಿ; ಹಾರ್ಫ್‌ಬಜ್ ಎಂಬ ಪ್ರೋಗ್ರಾಮು ಅಕ್ಷರಗಳನ್ನು ಜೋಡಿಸುತ್ತದೆ. ಲೋಹಿತ್ ಎಂಬ ಭಾರತೀಯ ಅಕ್ಷರವಿನ್ಯಾಸಗಳಲ್ಲಿ ಕನ್ನಡವೂ ಒಂದು. ಅವುಗಳ ಆರೈಕೆ ಬಹುಕಾಲ ನಡೆದದ್ದು ನಮ್ಮ ಪುಣೆಯ ರೆಡ್ ಹ್ಯಾಟ್ ಕಚೇರಿಯಲ್ಲಿಯೇ. ತಿರುಳಿನ ಜೊತೆಗೆ ಬರುವ ಕೈಪಿಡಿಗಳಿಗೆ ಚೀನೀ, ಜಪಾನೀ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಶ್ ಅನುವಾದಗಳುಂಟು. ಕನ್ನಡದ ಕಪಾಟನ್ನು ನಾವು ಅಲ್ಲಿ ಹುಡುಕಿದೆವು, ಕಾಣಲಿಲ್ಲ. ಇಲ್ಲಿ ಕುಳಿತ ಸಾಹಿತ್ಯದ ಮಿತ್ರರ ಕಿವಿಗೆ ಇದನ್ನು ಹಾಕಿರುತ್ತೇವೆ.

ಇರಲಿ. ಗುರುವಾರ ರಾತ್ರಿ ಯಂತ್ರ ಎದ್ದಿತು. ಮೈಕಿನ ಮುಂದೆ ಚಪ್ಪಾಳೆ ತಟ್ಟಿದರೆ ತೆರೆಯ ಮೇಲಿನ ಹಸಿರು ಗೆರೆ ಕುಣಿಯಿತು. ಮನೆಯಾಕೆ ಅಡಿಗೆಮನೆಯಿಂದ ಬಂದು ತಾನೂ ಒಮ್ಮೆ ತಟ್ಟಿ ನೋಡಿದಳು.

ಭಾನುವಾರಕ್ಕೆ ವಿಜಾಪುರದವರ ಮನೆಗೆ ನಾವೇ ಹೋಗಿ ಹುಡುಗನನ್ನು ಕರೆತಂದೆವು. ಬೆಳಗಾವಿಯವರು ತಾವಾಗಿಯೇ ಬಂದರು. ಅವ್ವನಿಗೆ ಏನನ್ನೂ ಹೇಳಿರಲಿಲ್ಲ. ಹುಡುಗ ಪುಸ್ತಕ ಬಿಡಿಸಿ, ಬೆರಳಿಟ್ಟು, ಗಟ್ಟಿಯಾಗಿ ಓದಿದ: "ಮಳೆ ಬಂದಿತು. ಕೇರೆ ತುಂಬಿತು."

ಧಾರವಾಡದಲ್ಲಿ ಅವ್ವ ತಲೆ ಎತ್ತಿದರು. "ಕೇರೆ ಅಲ್ಲೋ ತಮ್ಮಾ, ಕೆರೆ. ಮಳಿ ಬಂದರ ನೀರ ತುಂಬೂದು ಕೆರಿಯೊಳಗ, ಹಾವಿನ ಹೊಟ್ಟಿಯೊಳಗಲ್ಲ. ಇನ್ನೊಮ್ಮೆ ಓದು."

ಹುಡುಗ ಇನ್ನೊಮ್ಮೆ ಓದಿದ. ಆಮೇಲೆಯೇ ಅವ್ವನಿಗೆ, ತಮಗೆ ಕೇಳಿಸಿತು ಎಂಬುದು ಹೊಳೆದದ್ದು. ಏನು ಮಾಡಿದಿರಿ ಎಂದು ಕೇಳಿದರು. ತೇಪೆ ಹಾಕಿದೆವು ಎಂದೆವು. "ಛಲೋ ಆತು" ಎಂದು ಮುಂದಿನ ಸಾಲಿಗೆ ಹೋದರು.

ಎಲ್ಲ ಸುಖವಾಯಿತೆಂದು ಹೇಳಿದರೆ ಸುಳ್ಳಾದೀತು. ಒಂದು ವಾರದ ಮೇಲೆ ಸಂಘದ ಲೆಕ್ಕಪತ್ರದ ಪೆನ್‌ಡ್ರೈವನ್ನು ಸಿಕ್ಕಿಸಿದರೆ ಯಂತ್ರ ಅದನ್ನು ಗುರುತಿಸಲೇ ಇಲ್ಲ. ಬಳಕೆಯಲ್ಲಿದ್ದ ಡ್ರೈವರುಗಳನ್ನು ಮಾತ್ರ ಉಳಿಸಿದೆವಲ್ಲ. ಆ ಹೊತ್ತಿಗೆ ಪೆನ್‌ಡ್ರೈವು ಸಿಕ್ಕಿಸಿರಲಿಲ್ಲ. ಮತ್ತೊಂದು ಗಂಟೆ ಬೀಸಿದೆವು. ಡೆಬಿಯನ್ನಿನವರು ತಿರುಳಿನ ಲೋಪಗಳನ್ನು ಸರಿಪಡಿಸಿ ಹೊಸದು ಕಳಿಸಿದಾಗಲೆಲ್ಲ ನಾವೂ ಹೊಸದಕ್ಕೆ ತೇಪೆ ಹಚ್ಚಿ ಬೀಸಬೇಕು. ಇಲ್ಲವಾದರೆ ಭದ್ರತೆಯಲ್ಲಿ ಹಿಂದೆ ಬೀಳುತ್ತೇವೆ. ನಿಮ್ಮ ಯಂತ್ರದಲ್ಲಿ ಎಲ್ಲವೂ ನೆಟ್ಟಗಿದ್ದರೆ ಈ ಗೊಡವೆ ಖಂಡಿತ ಬೇಡ; ಹೆಚ್ಚಿನವರಿಗೆ ಇದರ ಅಗತ್ಯವೇ ಬೀಳುವುದಿಲ್ಲ.

ಈ ಕಾಟ ತಪ್ಪಬೇಕಾದರೆ ನಮ್ಮ ಸಾಲು ಮುಖ್ಯ ತಿರುಳಿಗೇ ಸೇರಬೇಕು. ಅದಕ್ಕೆ ಧ್ವನಿ ವಿಭಾಗವನ್ನು ನೋಡಿಕೊಳ್ಳುವವರಿಗೆ ಚೀಟಿ ಕಳಿಸಬೇಕು. ಕೆಳಗೆ ಹೆಸರು ಬರೆದು, ಇದನ್ನು ಕೊಡುವ ಹಕ್ಕು ನಮಗಿದೆ ಎಂದು ಸಹಿ ಹಾಕಬೇಕು. 2004ರಿಂದ ಬಂದ ಪದ್ಧತಿ ಇದು. ಮೂಲ ತೇಪೆ ಬರೆದವರ ಹೆಸರನ್ನೂ ಬಿಡುವಂತಿಲ್ಲ. ಕೆಲವು ತೇಪೆಗಳು ಹೊರಗೆ ಕಾಯುವುದೂ ಉಂಟು. ಕಾರ್ಖಾನೆಯ ಯಂತ್ರಗಳಿಗೆ, ಸಂಗೀತದ ಧ್ವನಿಮುದ್ರಣಕ್ಕೆ ಬೇಕಾಗುವ ಕ್ಷಣ ತಪ್ಪದ ಸಮಯಪಾಲನೆಯ ತೇಪೆಗಳು ಸುಮಾರು ಇಪ್ಪತ್ತು ವರ್ಷ ಹೊರಗಿದ್ದು, ನಾವು ಬಳಸಿದ ಈ 6.12ರಲ್ಲಿಯೇ ಬಹುಮಟ್ಟಿಗೆ ಪೂರ್ತಿಯಾಗಿ ಒಳಗೆ ಬಂದವು. ನಮ್ಮದು ಒಂದೇ ಸಾಲು, ಅಷ್ಟು ಕಾಯಿಸಲಾರರು. ಮನೆಯಾಕೆ ಇಂಗ್ಲಿಷಿನಲ್ಲಿ ಕಾಗದವನ್ನು ತಿದ್ದಿಕೊಟ್ಟಳು, ಕಳಿಸಿದ್ದೇವೆ. ಉತ್ತರ ಬಂದರೆ ಈ ಸ್ಮರಣ ಸಂಚಿಕೆಯ ಮುಂದಿನ ವರ್ಷದ ಸಂಪಾದಕರಿಗೆ ತಿಳಿಸುವೆವು.

ನಿಮ್ಮ ಮನೆಗಳ ಅಟ್ಟದ ಮೇಲೆ ಹಳೆಯ ಲ್ಯಾಪ್‌ಟಾಪುಗಳು ಇದ್ದರೆ, ತಿರುಳಿನ ತಂಟೆಗೆ ಹೋಗದೆ ಬರಿಯ ಲಿನಕ್ಸ್ ಹಾಕಿಕೊಡಲು ನಾವು ಸಿದ್ಧ. ಭಾನುವಾರ ಹನ್ನೊಂದರ ಮೇಲೆ ಬನ್ನಿರಿ, ಪಾಠ ಮುಗಿದಿರುತ್ತದೆ. ಮಕ್ಕಳಿದ್ದರೆ ಹತ್ತಕ್ಕೇ ಬನ್ನಿರಿ. ಫೋಟೋಗಳ ಪ್ರತಿಯನ್ನು ಮೊದಲೇ ತೆಗೆದಿಟ್ಟಿರಬೇಕು. ಚಾರ್ಜರು ಮರೆಯದೆ ತರಬೇಕು. ಗುರುವಾರ ಮಾತ್ರ ಬೇಡ.